ಚುಕ್ಕೆಗೆರೆಯ ಮೇಲೆ ಕಟ್ಟಿದ ಮನೆ

ಭಾವ, ನಿಮ್ಮ ಮನೆ ರಸ್ತೆಗೆ ಹೋಗುತ್ತದೆಂದು ನನಗೆ ಗೊತ್ತಿತ್ತು — ಅಡಿಪಾಯ ತೋಡುವುದಕ್ಕೂ ಮೊದಲೇ. ಗೊತ್ತಿದ್ದೂ ಮುಚ್ಚಿಟ್ಟೆ.

ಆಗ ನಾನು ನೆರೂಳದ ಆಫೀಸೊಂದರಲ್ಲಿ ನಕ್ಷೆ ಬಿಡಿಸುತ್ತಿದ್ದೆ. ಎಕ್ಸ್‌ಪ್ರೆಸ್‌ವೇಗೆ ಮೂರು ಹಂತ. ಮೊದಲನೆಯದಕ್ಕೆ ದಪ್ಪ ಗೆರೆ, ಎರಡನೆಯದಕ್ಕೆ ತೆಳು ಗೆರೆ; ಮೂರನೆಯದು ಅಗಲೀಕರಣ, ಅದಕ್ಕೆ ಬರೀ ಚುಕ್ಕೆಗಳು. ಮಧ್ಯಾಹ್ನ ಊಟವಾಗಿ ಕಣ್ಣು ತೂಗುವಾಗ ಆ ರಸ್ತೆ ಕಾಗದದಿಂದೆದ್ದು, ಖಾಡಿಯ ಉಪ್ಪುನೀರು ದಾಟಿ, ಡೊಂಬಿವಲಿಯ ಗದ್ದೆಗಳ ಮೇಲೆ ಸದ್ದಿಲ್ಲದೆ ಹರಿಯುತ್ತಿತ್ತು — ವಾಹನವಿಲ್ಲ, ಧೂಳಿಲ್ಲ, ಮನೆಗಳೂ ಇಲ್ಲ. ಎಂಥ ಚಂದ ಇತ್ತು ಅದು! ಕಣ್ಣುಬಿಟ್ಟರೆ ಚುಕ್ಕೆಗಳು ಡೊಂಬಿವಲಿಯಲ್ಲಿ ನೀವು ಮನೆಗೆಂದು ಕೊಂಡ ಜಾಗದ ಮೇಲೇ ಹಾದಿದ್ದವು.

ಆ ಭಾನುವಾರ ಕೋಪರಿಯ ನಿಮ್ಮ ಒಂದೇ ಕೋಣೆಯ ಮನೆಯಲ್ಲಿ ಅಕ್ಕ ಚಾ ಕೊಟ್ಟು, “ಶುಂಠಿ ಹಾಕಿದ್ದೇನೆ, ಹೇಗುಂಟು?” ಎಂದಳು. ಅದೇ ಹೊತ್ತಿಗೆ ನೀವೂ ಕೇಳಿದಿರಿ: “ನಿನ್ನ ರೋಡಿಂದ ನಮ್ಮ ಜಾಗಕ್ಕೆ ಏನಾದ್ರೂ ಅಡ್ಡಿ ಉಂಟಾ ಮಾರಾಯ? ಇಲ್ಲದಿದ್ರೆ ಕೆಲಸ ಚಾಲೂ ಮಾಡ್ತೇನೆ.”

“ಅಡ್ಡಿಲ್ಲ” ಎಂದೆ.

ನಮ್ಮ ಉಡುಪಿ ಕಡೆಯ ಮಾತು — ತಡೆಯಿಲ್ಲ ಎಂದೂ ಆಗುತ್ತದೆ, ಚೆನ್ನಾಗಿದೆ ಎಂದೂ. ನಾನು ಹೇಳಿದ್ದು ಚಹಾಕ್ಕೆ ಎಂದು ಎಷ್ಟು ವರ್ಷ ನನ್ನನ್ನೇ ನಂಬಿಸಿಕೊಂಡೆ! ಥೂ. ನೀವು ಯಾವುದಕ್ಕೆಂದು ತಿಳಿದಿರೆಂಬುದು ನಿಮ್ಮ ಮುಖದಲ್ಲೇ ಕಂಡಿತ್ತು. ಮೂರನೇ ಹಂತ ನಮ್ಮ ಕಾಲಕ್ಕೆ ಎಲ್ಲಿ ಬರುತ್ತದೆ ಎಂದುಕೊಂಡದ್ದೂ ಹೌದು. ಆದರೆ ನಿಜವಾದ ಕಾರಣ — ಹೊಸ ಮನೆಯಲ್ಲಿ ಪೂರ್ವದ ಕಿಟಕಿಯ ಕೋಣೆ ನನಗೆಂದು ಅಕ್ಕ ಆಗಲೇ ಹೇಳಿದ್ದಳು. ನೆರೂಳದಲ್ಲಿ ಐದು ಮಂದಿಯ ನಡುವೆ ಮಗ್ಗುಲು ಬದಲಿಸಲೂ ಜಾಗವಿಲ್ಲದೆ ಮಲಗುತ್ತಿದ್ದವನಿಗೆ ಆ ಕೋಣೆ ಬೇಕಿತ್ತು, ಭಾವ. ಅಷ್ಟೇ.

ಮನೆ ಎದ್ದಿತು; ಹತ್ತು ವರ್ಷ ನಾನು ಆ ಕೋಣೆಯಲ್ಲೇ ಮಲಗಿದೆ. ಬೆಳಗಿನ ಮಂಜಿನಲ್ಲಿ ಎರಡನೇ ಹಂತದ ಕಂಬಗಳು ಬುಡವಿಲ್ಲದೆ ತೇಲುವುದನ್ನು ನೋಡುತ್ತಾ — ಹೇಳಿಬಿಡಬೇಕು, ಇವತ್ತೇ ಹೇಳಿಬಿಡಬೇಕು... ಅಷ್ಟರಲ್ಲಿ ಅಕ್ಕ ತಿಂಡಿಗೆ ಕರೆಯುತ್ತಿದ್ದಳು.

ಕೊನೆಗೆ ಮೂರನೇ ಹಂತದ ನೋಟಿಸು ಬಂತು. ಮನೆ ಒಡೆದ ದಿನ ಅಕ್ಕ ಅಡುಗೆಮನೆಯ ಕಟ್ಟೆಯ ಮೇಲೆ ಕೈಯಿಟ್ಟು ನಿಂತವಳು ಕರೆದರೂ ಕದಲಲಿಲ್ಲ. “ಇವನಿಗೆ ಮೊದಲೇ ಗೊತ್ತಿರ್ಲಿಲ್ವಾ?” ಎಂದು ನೆರೆಯವರು ಕೇಳಿದಾಗ ನೀವೇ ರೇಗಿದಿರಿ: “ಅವ ಪಾಪ, ಮೇಲಿನವರು ಹೇಳಿದ ಗೆರೆ ಎಳೀತಾನೆ. ಅವನಿಗೆಂಥ ಗೊತ್ತು?” ನಾನು ತಲೆ ತಗ್ಗಿಸಿ ಪಾತ್ರೆಗಳ ಗೋಣಿ ಹೊತ್ತೆ.

ಈಗ ಕಲ್ಯಾಣದ ಬಾಡಿಗೆ ಮನೆಯಲ್ಲಿ ನೀವಿಬ್ಬರೂ — ಇಂದಿಗೂ ಭಾನುವಾರ ನಾನು ಬರುವವರೆಗೆ ಊಟಕ್ಕೆ ಕೂರುವುದಿಲ್ಲ. ಈ ಭಾನುವಾರವೂ ಬರುತ್ತೇನೆ. ತಟ್ಟೆ ಇಡುವ ಮೊದಲೇ, ಅಕ್ಕನ ಎದುರಿಗೇ, ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೂ ಅವಳು ಬಡಿಸಿದರೆ ಉಣ್ಣುತ್ತೇನೆ. ಬಡಿಸದಿದ್ದರೆ ಹಾಗೇ ಹಿಂದಿರುಗುತ್ತೇನೆ.