ಕಪ್ಪೆಗಳ ಕುಂಟೆ, ನಮ್ಮಿಬ್ಬರ ಸಂಸಾರ

ಅವಳು ಕಪ್ಪೆಗಳನ್ನು ಅಭ್ಯಸಿಸುವ ವಿಜ್ಞಾನಿ. ಹುಟ್ಟೂರು ಮೈಸೂರು, ಇದ್ದದ್ದು ಸಿಡ್ನಿಯಲ್ಲಿ. ನಾನು ಧಾರವಾಡದವಳು, ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿದ್ದು ನೀರು, ಮಣ್ಣು ಪರೀಕ್ಷಿಸುತ್ತೇನೆ. ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯ ಅಂಚಿನ ಕುಂಟೆಯೊಂದರಲ್ಲಿ ಕಪ್ಪೆಗಳು ಸಾಯುತ್ತಿವೆ, ನೀರು ನೋಡಿಕೊಡಿ ಎಂದು ಅವಳು ಕೇಳಿದ್ದರಿಂದ ಪರಿಚಯವಾಯಿತು. ಮೊದಲ ದಿನವೇ ಮೊಣಕಾಲುದ್ದ ಕೆಸರಲ್ಲಿ ನಿಂತು ಜಗಳವಾಡಿದೆವು. ನೀರಿನ ಮಾದರಿ ಹಿಡಿಯುವ ಬಾಟಲಿಯನ್ನು ನಾನು ತೊಳೆದ ರೀತಿ ಅವಳಿಗೆ ಸರಿಬರಲಿಲ್ಲ. ಆಮೇಲೆ ನಮ್ಮ ಪ್ರೀತಿ ವಿಮಾನದಲ್ಲೇ ಓಡಾಡಿತು. ಊರಿಗೆಲ್ಲ ಹೊಗೆ ಕಡಿಮೆ ಮಾಡಿ ಎಂದು ಪಾಠ ಹೇಳುವ ನಮಗೇ ನಾಚಿಕೆಯಾಗಿ, ಕೊನೆಗೆ ಇಡೀ ದಿನ ತಿನ್ನುವ ರೈಲು ಹಿಡಿದೆವು.

ಅಷ್ಟರಲ್ಲಿ ಆ ಕುಂಟೆ ಮುಚ್ಚಿ ಮನೆ ಕಟ್ಟುವ ಯೋಜನೆ ಬಂತು. ಜನರ ಅಭಿಪ್ರಾಯ ಕೇಳುವ ಸಭೆಗೆ ನಾನೂ ಹೋಗಿದ್ದೆ. ಸುತ್ತಲಿನ ಮಳೆನೀರು ಇಳಿಯಲು ಉಳಿದಿರುವುದು ಇದೊಂದೇ ಜಾಗ ಎಂದು ಅವಳು ಸಮಾಧಾನದಿಂದ ವಿವರಿಸಿದಳು. ಕಂಪನಿಯವನು ನಕ್ಕು, ನಿಮ್ಮ ಕಪ್ಪೆಗಳಿಗೆ ಕಾರಂಜಿ ಇರುವ ಕೊಳ ಕಟ್ಟಿಸಿಕೊಡುತ್ತೇವೆ ಎಂದ. ಜನ ಚಪ್ಪಾಳೆ ತಟ್ಟಿದರು. ನನ್ನ ಮೈ ಉರಿಯಿತು.

ಹೊರಗೆ ಕಾರಿನ ಬಳಿ ಕನ್ನಡದವರೇ ಒಬ್ಬ ನಿವೃತ್ತ ಡಾಕ್ಟರ್ ಸಿಕ್ಕರು. ಮಗನಿಗಾಗಿ ಅಲ್ಲೇ ಮನೆ ಬುಕ್ ಮಾಡಿದ್ದರು. ಹಬ್ಬಗಳಲ್ಲಿ ನಮ್ಮನ್ನು ‘ಫ್ರೆಂಡ್ಸ್’ ಎಂದು ಪರಿಚಯಿಸುತ್ತಿದ್ದವರು.

“ಸಂಸಾರ ಇರೋರಿಗೆ ಮನೆ ಬೇಕಾಗತ್ತಮ್ಮ. ನಿಮ್ಮಿಬ್ಬರಿಗೆ ಅದೆಲ್ಲ ಹೇಗೆ ಗೊತ್ತಾಗ್ಬೇಕು?”

“ಈಕೀನ ನನ್ನ ಸಂಸಾರ, ಅಂಕಲ್,” ಎಂದೆ.

ಅವರು ಕೀಲಿ ಹುಡುಕುವ ನೆಪದಲ್ಲಿ ಸರಿದುಹೋದರು. ಅವಳು ಮನೆಗೆ ಬಂದು ಚಹಾಕ್ಕೆ ನೀರಿಟ್ಟ ಮೇಲೆ ಹೇಳಿದಳು: “ಅಮ್ಮನಿಗೆ ನಮ್ಮ ವಿಷಯ ನಾನೇ ಹೇಳ್ಬೇಕು ಅಂತಿದ್ದೆ. ಆ ಡಾಕ್ಟರ್‌ಗೆ ಹೊಡೆಯೋಕೆ ನಿಂಗೆ ನಾನೇ ಕಲ್ಲಾದ್ನಾ?”

ನಾನು ಕ್ಷಮೆ ಕೇಳಲಿಲ್ಲ. ಆಡಿದ್ದು ಸುಳ್ಳಲ್ಲವಲ್ಲ. ಸುದ್ದಿ ಬೇರೆಯವರ ಬಾಯಿಂದ ಮುಟ್ಟುವ ಮೊದಲೇ ಅವಳು ಮೈಸೂರಿಗೆ ಫೋನ್ ಮಾಡಿದಳು. ತಾಯಿ ಅರ್ಧಕ್ಕೇ ಇಟ್ಟುಬಿಟ್ಟರು. ಈಗೀಗ ಮಾತಾಡುತ್ತಾರೆ, ನನ್ನ ವಿಷಯ ಬಂದರೆ ಹವಾಮಾನ ಕೇಳುತ್ತಾರೆ.

ಕುಂಟೆ ಮುಚ್ಚಿಹೋಯಿತು. ಲಾರಿಗಳು ಮಣ್ಣು ಸುರಿಯುವುದನ್ನು ಬೇಲಿಯಾಚೆ ನಿಂತು ನೋಡಿದೆವು. ಅಂದು ಅವಳು ಅತ್ತಳು, ನಾನು ಹಲ್ಲು ಕಚ್ಚಿ ನಿಂತೆ. ಆಮೇಲೆ ಅವಳು ಸಿಡ್ನಿ ಬಿಟ್ಟು ನನ್ನ ಮನೆಗೇ ಬಂದಳು.

ಈಗ ಇಲ್ಲೇ ಮೆಲ್ಬರ್ನ್‌ನ ಡ್ಯಾಂಡಿನಾಂಗ್ ಕಡೆಯ ಹಳ್ಳವೊಂದರ ದಡದಲ್ಲಿ ಗೋದಾಮು ಏಳಲಿದೆಯಂತೆ. ಸಭೆಗೆ ಹೊರಡುವಾಗ ಅವಳು, ನೀನು ಸುಮ್ಮನಿರು, ನಾನು ಮಾತಾಡುತ್ತೇನೆ ಎನ್ನುತ್ತಾಳೆ. ಸುಮ್ಮನಿರುವುದೊಂದು ಮಾತ್ರ ನನ್ನಿಂದಾಗದು.