ಬಲಗೈಗೆ ಬಿದ್ದ ಪೇಡ

ಅರವತ್ತರ ದಶಕ. ನನ್ನ ಗಂಡ ವಡೋದರಾದ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನು ನಡೆಸುತ್ತಿದ್ದರು. ನಾಲ್ಕು ವರ್ಷ ತುಂಬಿತ್ತಷ್ಟೇ, ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಕೆಲಸ ಬಿಡಲೇಬೇಕಾಯಿತು. ಪ್ರಾವಿಡೆಂಟ್ ಫಂಡ್ ಕೇಳಲು ಹೋದರೆ ಗುಮಾಸ್ತ ಹೇಳಿದ: ಐದು ವರ್ಷ ಆಗಿಲ್ಲ, ತೆರಿಗೆ ಮುರಿದುಕೊಳ್ಳುತ್ತೇವೆ, ಕಾಯಿಲೆಯಿಂದಲೇ ಬಿಟ್ಟದ್ದೆಂದು ದೊಡ್ಡ ಡಾಕ್ಟರು ಬರೆದುಕೊಟ್ಟರೆ ಮಾತ್ರ ಪೂರ್ತಿ ದುಡ್ಡು. ಆ ದುಡ್ಡಿನಲ್ಲಿ ನಾನೊಂದು ಇಡ್ಲಿ ಅಂಗಡಿ ಇಡಬೇಕೆಂದಿದ್ದೆ. ತೆರಿಗೆ ಹೋದರೆ ಅಂಗಡಿಯ ಮುಂಗಡಕ್ಕೂ ಸಾಲುತ್ತಿರಲಿಲ್ಲ.

ಇವರದ್ದೋ ಬೇರೆಯೇ ರಾಗ. ಕೈ ಸರಿಯಾಗ್ತಾ ಬಂತು ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುವುದು! ಆಸ್ಪತ್ರೆಯ ದಾರಿಯುದ್ದಕ್ಕೂ ಬೈದೆ.

"ಅಲ್ಲಿ ನಿಮ್ಮ ಶೌರ್ಯ ತೋರಿಸ್ಬೇಡಿ ಮಾರಾಯ್ರೆ. ಕೈ ಸುಮ್ಮನೆ ಇಟ್ಕೊಳ್ಳಿ."

"ಆಯ್ತು ಮಾರಾಯ್ತಿ, ಎಷ್ಟು ಸಲ ಹೇಳ್ತಿ?"

ಡಾಕ್ಟರು ವಯಸ್ಸಾದ ಗುಜರಾತಿ. ಸೂಜಿ ಚುಚ್ಚಿ, ಮೊಣಕೈ ತಟ್ಟಿ ನೋಡಿ ಕಾಗದ ಎಳೆದುಕೊಂಡರು. ನಾನು ಮನಸ್ಸಿನಲ್ಲೇ ದೇವರಿಗೊಂದು ತೆಂಗಿನಕಾಯಿ ಹೇಳಿಕೊಂಡೆ. ಅಷ್ಟರಲ್ಲಿ ನರ್ಸ್ ದೇವಸ್ಥಾನದಿಂದ ತಂದ ಪೇಡದ ಪೊಟ್ಟಣ ಬಿಚ್ಚಿ ಅವರ ಮುಂದಿಟ್ಟಳು. ಅವರು ಒಂದನ್ನೆತ್ತಿ, "ಪ್ರಸಾದ್" ಎಂದು ಇವರತ್ತ ಚಾಚಿದರು.

ಪ್ರಸಾದವನ್ನು ಎಡಗೈಯಲ್ಲಿ ತೆಗೆದುಕೊಳ್ಳುವುದುಂಟೇ? ಎಡಗೈಯನ್ನು ಕೆಳಗೆ ಆಸರೆ ಕೊಟ್ಟು, ಇವರು ಬಲಗೈ ಎತ್ತಿ ಒಡ್ಡಿಯೇಬಿಟ್ಟರು!

"ಅರೇ, ಹಾಥ್ ತೋ ಉಠ್‌ತಾ ಹೈ!" ಕೈ ಏಳುತ್ತದಲ್ಲ ಎಂದು ಡಾಕ್ಟರು ಪೆನ್ನು ಕೆಳಗಿಟ್ಟರು.

ಅಯ್ಯೋ ಕರ್ಮವೇ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ! ಡಾಕ್ಟರು ಪೇಡವನ್ನು ಇವರ ಅಂಗೈ ಮೇಲಿಟ್ಟು, ಎಡಗೈ ತೆಗೆಯುವಂತೆ ಸನ್ನೆ ಮಾಡಿದರು.

ಇವರು ತೆಗೆದರು. ಬಲಗೈ ನಡುಗುತ್ತ ಅಲ್ಲೇ ನಿಂತಿತು. ಬೀಳಲಿ, ದೇವರೇ ಬೀಳಲಿ ಎಂದು ಬೇಡಿಕೊಂಡೆ. ಹೆಂಡತಿಯಾದವಳು ಬೇಡುವಂಥದ್ದೇ ಅದು? ಕೈ ಜಾರಿತು, ಪೇಡ ನೆಲಕ್ಕೆ ಬಿತ್ತು. ಇವರು ಬಗ್ಗಿ ಅದೇ ಕೈಯಲ್ಲಿ ಹೆಕ್ಕಲು ನೋಡಿದರು. ಬೆರಳು ಮಡಚಲಿಲ್ಲ. ಮತ್ತೆ ನೋಡಿದರು. ಮೂರನೆಯ ಸಲಕ್ಕೆ ಡಾಕ್ಟರೇ ಎದ್ದು ಬಂದು, "ಬಸ್ ಭಾಯಿ, ಬಸ್", ಸಾಕು ಎಂದು ಭುಜ ಹಿಡಿದು ಎಬ್ಬಿಸಿದರು. ಆಮೇಲೆ ಕಾಗದಕ್ಕೆ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ನನಗೆ ಹೋದ ಜೀವ ಬಂದಂತಾಗಿ ನಗುವೇ ಬಂತು.

"ಮೂರು ಮೂರು ಸಲ ಹೆಕ್ಕಿದ್ದು! ನೀವು ಯಕ್ಷಗಾನ ಮೇಳಕ್ಕೆ ಸೇರ್ಬಹುದು."

ಇವರು ನಗಲಿಲ್ಲ.

"ವೇಷ ಅಲ್ಲ ಮಾರಾಯ್ತಿ. ಒಂದು ಪೇಡ ಹೆಕ್ಕಲಿಕ್ಕಾದ್ರೂ ಆಗ್ತದೆ ಅಂತ ಗ್ರಹಿಸಿದ್ದೆ."

ಅಂಗಡಿ ಆಯಿತು, ಚೆನ್ನಾಗಿಯೇ ನಡೆಯಿತು. ಆದರೆ ಕೈ ಸರಿಯಾಗ್ತಾ ಬಂತು ಎಂದು ಇವರು ಆಮೇಲೆ ಯಾರಿಗೂ ಹೇಳಲಿಲ್ಲ.