ತೆಕ್ಕಟ್ಟೆಯಿಂದ ತಂದ ನೀರು

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಮಾತುಕತೆ ಆಮೇಲೆ. ತೊಂಬತ್ತೇಳರ ಬೇಸಿಗೆಯಲ್ಲಿ ನನ್ನ ಅಪ್ಪ ಅಮ್ಮ ಬಸ್ರೂರಿನಿಂದ ಗಂಡಿನ ಮನೆ ನೋಡಲು ಹೋದಾಗಲೂ ಅದನ್ನೇ ಕೊಟ್ಟಿದ್ದರು. ಬೈಂದೂರಿಗೆ ಹೋಗುವ ದಾರಿಯಲ್ಲಿ, ಕಡಲಿಗೂ ಹೊಳೆಗೂ ನಡುವೆ ಆ ಮನೆ. ಗಂಡು ಗಂಗೊಳ್ಳಿಯಿಂದ ಮೀನಿನ ಬೋಟಿಗೆ ಹೋಗುವವರು. ಅಮ್ಮ ಅಲ್ಲಿ ಒಂದು ಚೊಂಬು ನೀರು ಗಟಗಟ ಕುಡಿದು ಬಂದು, "ಹೆಣೇ, ಕಡ್ಲ್ ಹತ್ರ ಆದ್ರೂ ನೀರ್ ಮಾತ್ರ ಎಳ್ನೀರೇ" ಎಂದಳು. ಆ ನೀರು ನೋಡಿಯೇ ನನ್ನನ್ನು ಕೊಟ್ಟರು ಎಂದರೆ ಸುಳ್ಳಲ್ಲ.

ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಬಾಯಿಗೆ ನೀರು ಹಾಕಿಕೊಂಡೆ. ಇಶ್ಶೀ! ಹಾಗೇ ಉಗುಳಿದೆ. ಮೀನು ತೊಳೆದ ನೀರು ಕುಡಿದ ಹಾಗಾಯಿತು. ಅತ್ತೆ ಹಿಂದೆಯೇ ನಿಂತಿದ್ದರು. "ಹೋದ್ ಮಳಿಗಾಲ ಕಡ್ಲ್ ಉಕ್ಕಿ ಅಂಗಳಕ್ಕೆ ಬಂದಿತ್ತ್, ಬಾಮಿಗೂ ಇಳ್ದಿತ್ತ್. ಒಂದ್ ಮಳಿ ಬಿದ್ರೆ ಸಮ ಆತ್ತ್" ಎಂದರು.

ಹಾಗಾದರೆ ಅಮ್ಮ ಕುಡಿದದ್ದು? ಅದು ತೆಕ್ಕಟ್ಟೆಯಲ್ಲಿರುವ ಅತ್ತೆಯ ಅಕ್ಕನ ಮನೆಯ ನೀರು. ಎರಡು ಕ್ಯಾನು ತುಂಬಿಸಿ ಬಸ್ಸಿನಲ್ಲಿ ತಂದದ್ದಂತೆ. ಪಕ್ಕದ ಕೇರಿಯಿಂದ ತಂದರೆ ಸುದ್ದಿ ಹಬ್ಬುತ್ತದಲ್ಲ! ಗಂಡನನ್ನು ಕೇಳಿದರೆ ನಕ್ಕುಬಿಟ್ಟರು. "ಎಂತ ಮಾಡೂದ್? ಉಪ್ಪ್ ನೀರಿನ್ ಮನಿಗೆ ಹೆಣ್ಣ್ ಯಾರ್ ಕೊಡ್ತ್ರ್?"

ಆ ವರ್ಷ ಅತ್ತೆಯ ಮಾತು ನಿಜವೂ ಆಯಿತು. ಬಾವಿ ಪೂರ್ತಿ ಖಾಲಿ ಮಾಡಿದೆವು, ನಾಲ್ಕು ಜೋರು ಮಳೆ ಬಂತು, ನೀರು ಸಿಹಿಯಾಯಿತು. ನಾನೂ ಸಿಟ್ಟು ಬಿಟ್ಟೆ. ಅಮ್ಮನಿಗೆ ಹೇಳಲಿಲ್ಲ. ಹೇಳಿ ಆಗುವುದೇನು, ಮದುವೆಯಂತೂ ಆಗಿತ್ತು.

ಆದರೆ ಕಡಲುಕ್ಕುವುದನ್ನು ಹಳಬರು ಜೀವಮಾನದಲ್ಲಿ ಒಂದೋ ಎರಡೋ ಸಲ ಕಂಡಿದ್ದರೆ ನಾನು ವರ್ಷ ಬಿಟ್ಟು ವರ್ಷ ಕಂಡೆ, ಆಮೇಲೆ ವರ್ಷಾ ವರ್ಷ ಕಂಡೆ. ಅಮಾವಾಸ್ಯೆಯ ಭರತದಲ್ಲಿ ಕಡಲು ಉಬ್ಬಿದಾಗ ಗಾಳಿಯೂ ಸೇರಿದರೆ ಮುಗಿಯಿತು. ಮೊದಲು ದಡದ ಗಾಳಿಮರಗಳು ಹೋದವು. ಆಮೇಲೆ ನೀರು ಅಂಗಳಕ್ಕೆ, ಮೆಟ್ಟಿಲಿಗೆ, ಕಡೆಗೆ ಅಡುಗೆಮನೆಗೇ ಬಂತು. ಕಡಲೆಂದರೆ ನೊರೆ, ಅಲೆ ಎಂದು ಹೊಗಳುವವರು ಅದು ಇಳಿದ ಮೇಲೆ ಬರಬೇಕಿತ್ತು. ಕೊಳೆತ ಮೀನು, ಯಾರದೋ ಚಪ್ಪಲಿ, ಥರ್ಮಾಕೋಲು, ಜೊತೆಗೆ ನಮ್ಮದೇ ಕಕ್ಕಸು ಗುಂಡಿ ತುಂಬಿ ಹೊರಗೆ ಬಂದದ್ದು. ಅದನ್ನು ಹಿಡಿಸೂಡಿಯಲ್ಲಿ ಗುಡಿಸಿದವಳು ನಾನು. ಥೂ, ಈಗ ಬರೆಯುವಾಗಲೂ ಮೂಗು ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಬಾವಿ ಎಷ್ಟು ಖಾಲಿ ಮಾಡಿದರೂ ಮತ್ತೆ ಉಪ್ಪೇ. ಚಹಾಕ್ಕೆ ಹಾಕಿದ ಹಾಲು ಒಡೆಯುತ್ತಿತ್ತು, ತಲೆಗೆ ಹಾಕಿದ ಸಾಬೂನು ನೊರೆಯಾಗುತ್ತಿರಲಿಲ್ಲ. ಉಪ್ಪು ತಿಂದವ ನೀರು ಕುಡಿಯಬೇಕು ಅನ್ನುತ್ತಾರೆ, ನಮಗೆ ಎರಡೂ ಒಂದೇ ಚೊಂಬಿನಲ್ಲಿ ಸಿಕ್ಕಿತು. ತಡೆಗೋಡೆ ಎಂದು ಬಂಡೆಕಲ್ಲು ತಂದು ಸುರಿದರು. ಕಡಲು ಕಲ್ಲಿನ ತುದಿ ಸುತ್ತಿ ಬಂತು. ಒಮ್ಮೆ ಒಬ್ಬ ಅಧಿಕಾರಿ ನಮ್ಮ ಜಗಲಿಯಲ್ಲಿ ಕೂತು, "ಭೂಮಿ ಬಿಸಿಯಾಗ್ತಾ ಇದೆ, ಸಮುದ್ರ ಏರ್ತಾ ಇದೆ, ನೀವೆಲ್ಲ ಹೊಂದಿಕೊಳ್ಳಬೇಕು" ಎಂದರು. ನಾನು ಬೆಲ್ಲ, ನೀರು ತಂದಿಟ್ಟೆ. ಪುಣ್ಯಾತ್ಮ ಬೆಲ್ಲ ಚಪ್ಪರಿಸಿ ತಿಂದು, ನೀರನ್ನು ತಮ್ಮ ಬಾಟಲಿಯಿಂದ ಕುಡಿದರು.

ನಾನೇನು ದೊಡ್ಡ ಸಾಚಾ ಎಂದುಕೊಳ್ಳಬೇಡಿ. ಅಮ್ಮ ಬರುತ್ತಾಳೆಂದು ಗೊತ್ತಾದಾಗಲೆಲ್ಲ ನಾನೇ ತೆಕ್ಕಟ್ಟೆಗೆ ಹೋಗಿ ಕ್ಯಾನು ತುಂಬಿಸಿ ತರುತ್ತಿದ್ದೆ. ಅವಳು ಕುಡಿದು, ಊರಿಗೆ ಹೋಗಿ ಹೊಗಳುತ್ತಿದ್ದಳು.

ನನ್ನ ಮದುವೆಯಲ್ಲಿ ಚಡ್ಡಿ ಹಾಕಿಕೊಂಡಿದ್ದ ಮೈದುನನಿಗೆ ಹೆಣ್ಣು ಹುಡುಕುವ ಕಾಲ ಬಂತು. ಎರಡು ಸಂಬಂಧ ನೀರಿನ ಸುದ್ದಿ ಕೇಳಿಯೇ ತಪ್ಪಿಹೋದವು. ಮೂರನೆಯವರು ಮನೆ ನೋಡಲು ಬರುತ್ತೇವೆಂದಾಗ ಅತ್ತೆ ನನ್ನ ಕೈಯಲ್ಲಿ ಕ್ಯಾನು ಕೊಟ್ಟರು. "ಇದೂ ತಪ್ಪಿರೆ ಅವ್ನಿಗೆ ಮತ್ತ್ ಮದಿ ಇಲ್ಲೆ, ಕಾಣ್" ಎಂದರು. ನಾನು ಹೋಗಿ ತುಂಬಿಸಿ ತಂದೆ.

ಹುಡುಗಿಯ ತಾಯಿ ಬಿಸಿಲಿನಲ್ಲಿ ನಡೆದು ಬಂದು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಜಗಲಿಯಲ್ಲಿ ಕೂತರು. ಅಂದು ನನ್ನ ಅಮ್ಮ ಕೂತ ಜಾಗದಲ್ಲೇ. ನಾನು ಒಳಗೆ ಹೋಗಿ ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದೆ. ಹೇಸಿಗೆಯಾಯಿತು. ಗುಂಡಿಯ ಹೊಲಸು ಗುಡಿಸುವಾಗಲೂ ಅಷ್ಟು ಹೇಸಿಗೆ ಆಗಿರಲಿಲ್ಲ. ಹಿತ್ತಿಲಿಗೆ ಹೋಗಿ ಬಾವಿಯಿಂದ ಒಂದು ಚೊಂಬು ಸೇದಿ ತಂದಿಟ್ಟೆ.

ಆಕೆ ಬೆಲ್ಲದ ಚೂರು ಬಾಯಿಗೆ ಹಾಕಿ ಒಂದು ಗುಟುಕು ಕುಡಿದರು. ಉಗುಳಲಿಲ್ಲ, ನುಂಗಿದರು. ಚೊಂಬನ್ನು ಮೆಲ್ಲನೆ ಕೆಳಗಿಟ್ಟು ನನ್ನ ಮುಖ ನೋಡಿದರು.

"ನಮ್ಮನಿ ಬಾಮಿ ನೀರೂ ಹೀಂಗೇ, ಅಮ್ಮ. ನಿಮ್ಮನಿ ನೀರ್ ಎಳ್ನೀರ್ ಅಂದೇಳಿ ಬಸ್ರೂರಲ್ಲಿ ನಿಮ್ಮಮ್ಮ ಹೇಳೂದ್ ಕೇಂಡ್ ಬಂದದ್ ನಾವ್. ಮಗ್ಳಾದ್ರೂ ಸಿಹಿ ನೀರ್ ಕುಡೀಲಿ ಅಂದೇಳಿ."

ಅವರು ಹೊರಟರು. ಹೆಣ್ಣು ಕೊಡಲಿಲ್ಲ. ಮೈದುನ ಅಂಗಿ ಬದಲಿಸಿ ಬೋಟಿಗೆ ಹೋದ, ಇವತ್ತಿಗೂ ಒಬ್ಬನೇ ಇದ್ದಾನೆ. ಅತ್ತೆ ಅಂದರು. "ನಿಂಗ್ ಮದಿ ಆಯ್ತಲ್ಲ. ಇನ್ನೊಬ್ರಿಗೆ ಎಂತಕ್ಕೆ, ಅಲ್ದಾ?"

ಆಮೇಲೆ ತೆಕ್ಕಟ್ಟೆಯ ನೀರು ಸುಮ್ಮನೆ ಹಾಳಾಗಬಾರದೆಂದು ಅದರಲ್ಲೇ ಚಹಾ ಮಾಡಿದರು. ಹಾಲು ಒಡೆಯಲಿಲ್ಲ. ಅಷ್ಟು ಒಳ್ಳೆಯ ಚಹಾ ಕುಡಿದು ಎಷ್ಟೋ ದಿನವಾಗಿತ್ತು. ನಾಚಿಕೆ ಬಿಟ್ಟು ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡೆ.